ಮೊದಲು ಬೋರ್ಡ್ ಯಾವುದು ಹೇಳಿ

ಪಿಯುಸಿ, ಸಿಇಟಿ ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಮೊಬೈಲ್ ಹ್ಯಾಂಗ್ ಆಗುತ್ತಿದೆ ಅನ್ನುವವರು ಕಡಿಮೆಯಾಗಿ, ಡೆಸ್ಕ್‌ಟಾಪ್ ಜೋಡಿಸಬೇಕು, ಯಾವ ಭಾಗ ತಗೊಳ್ಳಲಿ ಅನ್ನುವವರು ಜಾಸ್ತಿಯಾಗುತ್ತಾರೆ. ಈ ಸಲ ಪತ್ರಗಳನ್ನು ಓದುವಾಗ ನನಗೆ ಸ್ವಲ್ಪ ಬೇಜಾರೇ ಆಯಿತು. ಬಹಳ ಜನ ಆಫರ್‌ನಲ್ಲಿ ಸಿಕ್ಕಿದ್ದನ್ನು ಒಂದೊಂದಾಗಿ ಕೊಂಡಿಟ್ಟು, ಆಮೇಲೆ ಇದಕ್ಕೆ ಅದು ಕೂರುತ್ತಾ ಅಂತ ಕೇಳಿದ್ದಾರೆ. ಮೊದಲು ಕೊಂಡ ಒಂದು ವಸ್ತು ಉಳಿದೆಲ್ಲದಕ್ಕೂ ಕೈ ಕಟ್ಟಿಹಾಕುತ್ತದೆ. ಹಾಗಾಗಿ ಕೇಳಿ, ಬೇಕಾದಷ್ಟು ಸಲ ಕೇಳಿ, ದುಡ್ಡು ಕೊಡುವ ಮೊದಲು ಕೇಳಿ.

ಪ್ರಶ್ನೆ: ಈ ವರ್ಷ ಇಂಜಿನಿಯರಿಂಗ್ ಸೇರುತ್ತಿದ್ದೇನೆ. ರೈಜನ್ 5 7600 ಪ್ರೊಸೆಸರ್ ಆಫರ್‌ನಲ್ಲಿತ್ತು, ತಗೊಂಡೆ. ಇನ್ನೂ ಡಬ್ಬ ಒಡೆದಿಲ್ಲ. ನಮ್ಮ ದೊಡ್ಡಪ್ಪನ ಮಗ ಹೊಸ ಕಂಪ್ಯೂಟರ್ ಮಾಡಿಸಿಕೊಂಡಿದ್ದಾನೆ. ಹಳೆಯದರ ಬಿ450 ಬೋರ್ಡ್ ಮತ್ತು 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕೊಡ್ತೀನಿ ಅಂದಿದ್ದಾನೆ. ಎರಡೂ ಎಎಂಡಿನೇ ಅಲ್ವಾ ಸರ್, ಕೂರುತ್ತೆ ತಾನೇ? ಗ್ರಾಫಿಕ್ಸ್ ಕಾರ್ಡ್‌ಗೆ ಸದ್ಯಕ್ಕೆ ದುಡ್ಡಿಲ್ಲ.
— ವಿದ್ಯಾರ್ಥಿ, ಹಾಸನ

ಉತ್ತರ: ಕೂರುವುದಿಲ್ಲ. ಡಬ್ಬ ಒಡೆಯದೆ ಇಟ್ಟಿದ್ದು ತುಂಬಾ ಒಳ್ಳೆಯದಾಯಿತು. ಈ ಉತ್ತರ ಪೂರ್ತಿ ಓದುವವರೆಗೂ ಒಡೆಯಬೇಡಿ.

ಕಂಪನಿ ಒಂದೇ, ನಿಜ. ಆದರೆ ಬೋರ್ಡ್‌ನಲ್ಲಿ, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್‌ನಲ್ಲಿ, ಪ್ರೊಸೆಸರ್ ಕೂರುವ ಜಾಗ ಇದೆಯಲ್ಲ, ಸಾಕೆಟ್, ಅದು ಬೇರೆ. ಬಿ450 ಬೋರ್ಡ್‌ನಲ್ಲಿರುವುದು ಎಎಂ4 ಸಾಕೆಟ್. ಅದಕ್ಕೆ ಬರುವ ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್ ಇರುತ್ತವೆ, ಬೋರ್ಡ್‌ನಲ್ಲಿ ಅದಕ್ಕೆ ತಕ್ಕ ತೂತುಗಳು. ನಿಮ್ಮ 7600 ಹೋಗುವುದು 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ. ಅಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿಲ್ಲ, ಬೋರ್ಡ್‌ನಲ್ಲೇ ಇವೆ, ಲೆಕ್ಕವೂ 1718. ರ‍್ಯಾಮ್ ಕಥೆಯೂ ಹಾಗೇ. ಎಎಂ5 ಬೋರ್ಡ್‌ಗಳು ಡಿಡಿಆರ್5 ಮಾತ್ರ ತಗೊಳ್ಳುತ್ತವೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಚಿನ್ನದ ಬಣ್ಣದ ಪಟ್ಟಿಗಳೇ ಇರುವುದು, ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ.

ಈಗ ನಿಮಗೆ ಎರಡು ದಾರಿ. 7600 ಇಟ್ಟುಕೊಂಡು ಹೊಸದಾಗಿ ಎಎಂ5 ಸಾಕೆಟ್‌ನ ಬಿ650 ಬೋರ್ಡ್, ಡಿಡಿಆರ್5 ರ‍್ಯಾಮ್ ಕೊಳ್ಳುವುದು ಒಂದು. ಎಎಂ5 ಸಾಕೆಟ್‌ಗೆ 2027ರವರೆಗೂ, ಅದಕ್ಕಿಂತ ಮುಂದೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ, ಹಾಗಾಗಿ ನಾಲ್ಕು ವರ್ಷ ಕಳೆದ ಮೇಲೆ ಬರೀ ಪ್ರೊಸೆಸರ್ ಬದಲಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು. ದುಡ್ಡಿದ್ದವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದು ನಿಮಗೂ ಗೊತ್ತಿರಬೇಕು. ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಹೋಗುತ್ತಿವೆ, ನಮ್ಮ ಪಾಲಿಗೆ ಉಳಿದದ್ದು ದುಬಾರಿ. ಇಂಥ ಹೊತ್ತಿನಲ್ಲಿ ಮನೆಯವರೇ 16 ಜಿಬಿ ರ‍್ಯಾಮ್ ಸುಮ್ನೆ ಕೊಡುತ್ತಿದ್ದಾರೆ ಅಂದ್ರೆ ಬೇಡ ಅನ್ನಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ 7600 ವಾಪಸ್ ಮಾಡಿ, ರೈಜನ್ 5 5600ಜಿ ತಗೊಳ್ಳುತ್ತಿದ್ದೆ. ಕೊನೆಯ ಜಿ ಅಕ್ಷರ ಮರೆಯಬೇಡಿ. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದಿದ್ದರೆ ಪರದೆ ಕಪ್ಪು. 5600ಜಿ ಒಳಗೇ ಗ್ರಾಫಿಕ್ಸ್ ಇದೆ, ಮೊದಲ ಎರಡು ವರ್ಷದ ಪ್ರೋಗ್ರಾಮಿಂಗ್‌ಗೆ, ಸಣ್ಣಪುಟ್ಟ ಆಟಗಳಿಗೆ ಧಾರಾಳ ಸಾಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, ಈ ಪ್ರೊಸೆಸರ್‌ಗೆ ವಿಂಡೋಸ್ 11 ಹಾಕಬಹುದು, ಆ ಚಿಂತೆಯೂ ಬೇಡ.

ಒಂದೇ ಒಂದು ಎಚ್ಚರ. ಬಿ450 ಬಂದದ್ದು 2018ರಲ್ಲಿ, 5000 ಸಾಲಿನ ಪ್ರೊಸೆಸರ್‌ಗಳು ಬಂದದ್ದು ಅದಾದ ಮೇಲೆ. ಸಾಕೆಟ್ ಒಂದೇ ಆದರೂ ಬೋರ್ಡ್‌ನ ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ, ಹಳೆಯದಾಗಿದ್ದರೆ ಹೊಸ ಪ್ರೊಸೆಸರ್ ಯಾವುದು ಅಂತಲೇ ಅದಕ್ಕೆ ತಿಳಿಯಲ್ಲ. ಫ್ಯಾನ್ ತಿರುಗುತ್ತದೆ, ಬೇರೇನೂ ಬರಲ್ಲ. ಅದಕ್ಕೇ ಅಣ್ಣನ ಹತ್ತಿರ ಈಗಲೇ ಒಂದು ಮಾತು ಹೇಳಿ: ಹಳೆ ಪ್ರೊಸೆಸರ್ ಮಾರಬೇಡ, ಬಯಾಸ್ ಅಪ್‌ಡೇಟ್ ಮಾಡುವವರೆಗೂ ಬೋರ್ಡ್‌ನಲ್ಲೇ ಇರಲಿ ಅಂತ. ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾಡೆಲ್‌ನ ಪುಟ ತೆರೆದರೆ ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕು ಅನ್ನುವ ಪಟ್ಟಿ ಇರುತ್ತದೆ. ಬೋರ್ಡ್ ಮೇಲೆ ಸಣ್ಣ ಅಕ್ಷರದಲ್ಲಿ ರಿವಿಷನ್ ನಂಬರ್ ಅಚ್ಚಾಗಿದ್ದರೆ ಅದನ್ನೂ ನೋಡಿಕೊಂಡೇ ಫೈಲ್ ಇಳಿಸಿ. ಪೆನ್‌ಡ್ರೈವ್ ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಅದಕ್ಕೆ ಹಾಕಿ, ಬಯಾಸ್ ಒಳಗಿಂದಲೇ ಅಪ್‌ಡೇಟ್ ಮಾಡಿ. ಮತ್ತೆ ಇದನ್ನು ಯುಪಿಎಸ್ ಇಲ್ಲದೆ ದಯವಿಟ್ಟು ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತದೆ ಅಂತ ನಿಮಗೇ ಗೊತ್ತು, ಅರ್ಧಕ್ಕೆ ಹೋಯಿತು ಅಂದ್ರೆ ಚೆನ್ನಾಗಿದ್ದ ಬೋರ್ಡ್ ಸತ್ತ ಹಾಗೇ.

ಹಳೆ ಪ್ರೊಸೆಸರ್ ತೆಗೆಯುವಾಗಲೂ ನಿಧಾನ. ಪ್ರೊಸೆಸರ್ ಮತ್ತು ಅದನ್ನು ತಣ್ಣಗಿಡುವ ಕೂಲರ್ ನಡುವೆ ಹಚ್ಚಿದ ಪೇಸ್ಟ್ ವರ್ಷಗಟ್ಟಲೆ ಒಣಗಿ ಅಂಟಿನ ಹಾಗೆ ಹಿಡಿದಿರುತ್ತದೆ. ಕೂಲರ್ ಅನ್ನು ನೇರ ಮೇಲಕ್ಕೆ ಎಳೆದರೆ ಎಎಂ4ರಲ್ಲಿ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತಾ ಬಿಡಿಸಿ. ರ‍್ಯಾಮ್ ಎರಡನ್ನೂ ಅಕ್ಕಪಕ್ಕ ಹಾಕಬೇಡಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. 5600ಜಿ ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಈ ರ‍್ಯಾಮ್‌ನಲ್ಲೇ ಪಾಲು ತಗೊಳ್ಳಬೇಕು, ಹಾಗಾಗಿ ಹೀಗೆ ಹಾಕಿ ಎರಡು ಚಾನೆಲ್, ಅಂದರೆ ಮೆಮೊರಿಗೆ ಹೋಗಿಬರಲು ಎರಡು ದಾರಿ, ಸಿಕ್ಕರೆ ಆಟದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಅದರ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಆನ್ ಮಾಡಿ. ಇಲ್ಲದಿದ್ದರೆ 3200 ಅಂತ ಬರೆದ ರ‍್ಯಾಮ್ ಕೂಡ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರಬಹುದು.

ಇಂಟೆಲ್ ಬಗ್ಗೆ ಕೇಳಿದ ಉಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. 12, 13, 14ನೇ ಪೀಳಿಗೆ ಮೂರಕ್ಕೂ ಎಲ್‌ಜಿಎ1700 ಸಾಕೆಟ್. ಹಿಂದಿನ 10, 11ಕ್ಕೆ ಎಲ್‌ಜಿಎ1200. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ1851. ಯಾವುದೂ ಇನ್ನೊಂದಕ್ಕೆ ಆಗಲ್ಲ. ಎಲ್‌ಜಿಎ1700 ಬೋರ್ಡ್ ತಗೊಳ್ಳುವಾಗ ಇನ್ನೊಂದು ತೊಡಕಿದೆ. ಬಿ760 ಅನ್ನುವ ಹೆಸರಲ್ಲೇ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಅಂಗಡಿಯವರು ಬರೀ ಬಿ760 ಅಂತ ಬಿಲ್ ಬರೆದರೆ ಒಪ್ಪಬೇಡಿ, ಪೂರ್ತಿ ಮಾಡೆಲ್ ಹೆಸರು ಬರೆಸಿ.

ಪ್ರಶ್ನೆ: ಐ5-12400ಎಫ್, ಎಚ್610 ಬೋರ್ಡ್, ಹೊಸ ರ‍್ಯಾಮ್, ಹೊಸ ಮಾನಿಟರ್. ಎಲ್ಲ ಜೋಡಿಸಿ ಆಯ್ತು, ಫ್ಯಾನ್ ತಿರುಗುತ್ತಿದೆ, ಮಾನಿಟರ್‌ನಲ್ಲಿ ನೋ ಸಿಗ್ನಲ್. ಮೂರು ದಿನದಿಂದ ಬಿಚ್ಚಿ ಹಾಕಿ ಸಾಕಾಗಿದೆ. ಬೋರ್ಡ್ ಹೋಗಿದೆಯಾ?
— ಕುಂದಾಪುರದ ಓದುಗರು

ಉತ್ತರ: ಬೋರ್ಡ್ ಚೆನ್ನಾಗಿಯೇ ಇರಬೇಕು. ತೊಂದರೆ ಆ ಎಫ್ ಅಕ್ಷರದಲ್ಲಿದೆ. ಇಂಟೆಲ್‌ನಲ್ಲಿ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೋರ್ಡ್ ಹಿಂದೆ ಎಚ್‌ಡಿಎಂಐ ತೂತು ಇರುತ್ತದೆ, ಆದರೆ ಅದಕ್ಕೆ ಚಿತ್ರ ಕಳಿಸುವವರು ಯಾರೂ ಇಲ್ಲ. ಅಂಗಡಿಯವರು ಬದಲಿಸಿಕೊಟ್ಟರೆ ಎಫ್ ಇಲ್ಲದ 12400 ತಗೊಳ್ಳಿ. ಇಲ್ಲವಾದರೆ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಅನ್ನು ಕಾರ್ಡ್‌ಗೇ ಚುಚ್ಚಿ, ಬೋರ್ಡ್‌ಗಲ್ಲ.

ಪ್ರಶ್ನೆ: ಮಗನಿಗೆ ಕಂಪ್ಯೂಟರ್ ಮಾಡಿಸುತ್ತಿದ್ದೇವೆ. 12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಕಾರ್ಡ್ ಅಂತ ಅವನೇ ಪಟ್ಟಿ ಮಾಡಿದ್ದಾನೆ. ಎಸ್‌ಎಂಪಿಎಸ್ ಮಾತ್ರ ಬೇರೆ ಕಂಪನಿಯದ್ದು ಬೇಕಂತೆ. ಅಂಗಡಿಯವರು ಕ್ಯಾಬಿನೆಟ್ ಜೊತೆ ಬರುವ 450 ವ್ಯಾಟ್‌ದೇ ಸಾಕಮ್ಮ, ಸುಮ್ನೆ ಯಾಕೆ ಖರ್ಚು ಅಂತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ದಾವಣಗೆರೆ

ಉತ್ತರ: ಮಗನ ಮಾತು ಕೇಳಿ ಅಮ್ಮ. ಇಡೀ ಪಟ್ಟಿಯಲ್ಲಿ ಅವನು ಸರಿಯಾಗಿ ಹಟ ಹಿಡಿದಿರುವುದು ಇದೊಂದಕ್ಕೇ.

ಎಸ್‌ಎಂಪಿಎಸ್ ಅಂದರೆ ಇಡೀ ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಡಬ್ಬ. ಅದರ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ, ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು 12 ವೋಲ್ಟ್ ಸಾಲಿನಿಂದ. ಚೀಟಿಯಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪ್ಸ್ ಅಂತ ಇರುತ್ತದೆ, ಅದನ್ನು 12ರಿಂದ ಗುಣಿಸಿ. 450 ವ್ಯಾಟ್ ಅಂತ ಬರೆದುಕೊಂಡು 12 ವೋಲ್ಟ್‌ನಲ್ಲಿ ಬರೀ 18 ಆಂಪ್ಸ್ ಕೊಡುವಂಥದ್ದು ಸಿಕ್ಕಿತು ಅಂದುಕೊಳ್ಳಿ, ಲೆಕ್ಕ 216 ವ್ಯಾಟ್ ಆಯಿತು. ನಿಮ್ಮ ಮಗನ ಪಟ್ಟಿಯಲ್ಲಿ ಪ್ರೊಸೆಸರ್ ಪೂರ್ತಿ ಜೋರಿನಲ್ಲಿ 117 ವ್ಯಾಟ್‌ವರೆಗೆ, ಕಾರ್ಡ್ 115 ವ್ಯಾಟ್. ಎರಡಕ್ಕೇ 232. ಬೋರ್ಡ್, ಫ್ಯಾನ್, ಡಿಸ್ಕ್ ಇನ್ನೂ ಸೇರಿಸಿಯೇ ಇಲ್ಲ. ಆ ಕಾರ್ಡ್‌ಗೆ ಎನ್‌ವಿಡಿಯಾದವರೇ 550 ವ್ಯಾಟ್ ಎಸ್‌ಎಂಪಿಎಸ್ ಹೇಳಿದ್ದಾರೆ. 80 ಪ್ಲಸ್ ಬ್ರಾಂಜ್ ಗುರುತಿರುವ, ಐದು ವರ್ಷ ವಾರಂಟಿ ಕೊಡುವ 550 ವ್ಯಾಟ್‌ದು ಒಂದು ತಗೊಳ್ಳಿ. 80 ಪ್ಲಸ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಗುರುತು, ಬಾಳಿಕೆಯ ಗುರುತಲ್ಲ. ಅದಕ್ಕೇ ವಾರಂಟಿ ವರ್ಷವನ್ನೂ ಕೇಳಿ ಅಂದೆ.

ಚೀಟಿಯಲ್ಲೇ ಇನ್‌ಪುಟ್ ಅಂತಲೂ ಇರುತ್ತದೆ. 100ರಿಂದ 240 ವೋಲ್ಟ್ ಅಂತ ಇದ್ದರೆ ಒಳ್ಳೆಯದು, ಸಂಜೆ ಹೊತ್ತು ವೋಲ್ಟೇಜ್ ಬಿದ್ದರೂ ತಡೆದುಕೊಳ್ಳುತ್ತದೆ. 200ರಿಂದ 240 ಮಾತ್ರ ಇರುವಂಥವೂ ಬರುತ್ತವೆ, ಪಂಪ್‌ಸೆಟ್ ಜಾಸ್ತಿ ಇರುವ ಊರುಗಳಲ್ಲಿ ಅದು ಬೇಡ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅದು ಕಂಪ್ಯೂಟರ್ ತಪ್ಪಾಗಿರುವುದು ಕಡಿಮೆ, ಹೆಚ್ಚಾಗಿ ಗೋಡೆಯ ಅರ್ಥ್ ವೈರ್ ತಪ್ಪು. ಯುಪಿಎಸ್‌ನಲ್ಲಿ 600 ವಿಎ ಅಂತ ಇದ್ದರೆ ಬಹುತೇಕ 360 ವ್ಯಾಟ್ ಅಷ್ಟೇ. ಇಷ್ಟು ಕಂಪ್ಯೂಟರ್‌ಗೆ ಮಾನಿಟರ್ ಸೇರಿ 1000 ವಿಎ ಆದರೆ ನೆಮ್ಮದಿ.

ಇನ್ನೊಂದು ಮಾತು, ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ. ಕೇಬಲ್ ಬಿಡಿಬಿಡಿಯಾಗಿ ಕಳಚಲು ಬರುವ ಎಸ್‌ಎಂಪಿಎಸ್‌ಗಳಲ್ಲಿ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬಾರದು. ಚುಚ್ಚಲು ಬರುತ್ತದೆ, ಸರಿಯಾಗಿ ಕೂರುತ್ತದೆ ಕೂಡ. ಆದರೆ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ತಂತಿಯಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಅನ್ನುವುದು ಕಂಪನಿಗೆ ಒಂದೊಂದು ಥರ. ನಾನು ಕೆಲವು ವರ್ಷದ ಹಿಂದೆ ಎಸ್‌ಎಂಪಿಎಸ್ ಬದಲಿಸಿದಾಗ, ಹಳೆ ಕೇಬಲ್ ಹೇಗೂ ಚೆನ್ನಾಗಿ ಕಟ್ಟಿಟ್ಟಿದ್ದೇನೆ, ಮತ್ತೆ ಯಾಕೆ ಎಳೆಯುವುದು ಅಂತ ಹೊಸದಕ್ಕೆ ಅದನ್ನೇ ಚುಚ್ಚಿದೆ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ಹೋದದ್ದು ಹಾರ್ಡ್ ಡಿಸ್ಕ್, ಅದರಲ್ಲಿ ಅಪ್ಪನ ಕೊನೆಯ ವರ್ಷದ ಫೋಟೋಗಳಿದ್ದವು. ಎಲ್ಲೂ ಬ್ಯಾಕಪ್ ಇರಲಿಲ್ಲ. ಹೊಸ ಎಸ್‌ಎಂಪಿಎಸ್ ಬಂದರೆ ಹಳೆ ಕೇಬಲ್ ಎಲ್ಲ ತೆಗೆದು, ಡಬ್ಬದಲ್ಲಿ ಬಂದದ್ದನ್ನೇ ಹಾಕಲಿ.

ಪ್ರಶ್ನೆ: ಕ್ಯಾಬಿನೆಟ್ ಚಿಕ್ಕದು, ನೋಡಲು ಚೆಂದ ಅಂತ ಒಂದು ಇಷ್ಟವಾಗಿದೆ. ಏನಾದರೂ ಅಳತೆ ನೋಡಬೇಕಾ?
— ಮೈಸೂರಿನ ಓದುಗರು

ಉತ್ತರ: ಮೂರು ಅಳತೆ ನೋಡಿ. ಬೋರ್ಡ್ ಎಟಿಎಕ್ಸ್ ಆದರೆ 305ಕ್ಕೆ 244 ಮಿ.ಮೀ., ಮೈಕ್ರೋ ಎಟಿಎಕ್ಸ್ ಆದರೆ 244ಕ್ಕೆ 244, ಮಿನಿ ಐಟಿಎಕ್ಸ್ 170ಕ್ಕೆ 170. ದೊಡ್ಡ ಕ್ಯಾಬಿನೆಟ್‌ಗೆ ಚಿಕ್ಕ ಬೋರ್ಡ್ ಸಾಮಾನ್ಯವಾಗಿ ಆಗುತ್ತದೆ, ಚಿಕ್ಕದಕ್ಕೆ ದೊಡ್ಡದು ಆಗಲ್ಲ. ಎರಡನೆಯದು ಗ್ರಾಫಿಕ್ಸ್ ಕಾರ್ಡ್ ಉದ್ದ, ಮೂರು ಫ್ಯಾನ್ ಇರುವ ಕಾರ್ಡ್‌ಗಳು 300 ಮಿ.ಮೀ. ದಾಟುವುದುಂಟು. ಮೂರನೆಯದು ಕೂಲರ್ ಎತ್ತರ. ಗೋಪುರದಂಥ ಕೂಲರ್‌ಗಳು 150ರಿಂದ 160 ಮಿ.ಮೀ. ಇರುತ್ತವೆ, ಕ್ಯಾಬಿನೆಟ್ 150 ಅಂತ ಹೇಳಿದರೆ ಗಾಜಿನ ಬಾಗಿಲು ಮುಚ್ಚಲು ಬರುವುದಿಲ್ಲ. ಮತ್ತೆ ಮುಂಭಾಗ ಪೂರ್ತಿ ಗಾಜಿದ್ದರೆ ಬೇಡ, ಗಾಳಿ ಎಲ್ಲಿಂದ ಒಳಗೆ ಬರಬೇಕು? ಜಾಲರಿ ಇರುವುದನ್ನು ತಗೊಳ್ಳಿ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಹೊಸ ಬೋರ್ಡ್‌ಗೆ ಹಳೆಯ ನಾಲ್ಕು ಹಾರ್ಡ್ ಡಿಸ್ಕ್ ಹಾಕಿ ಕೆಲಸ ಮಾಡುತ್ತಿದ್ದೆ. ಮೊನ್ನೆ ಎರಡನೇ ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಒಂದು ಹಾರ್ಡ್ ಡಿಸ್ಕ್ ಕಾಣಿಸುತ್ತಲೇ ಇಲ್ಲ. ಹತ್ತು ವರ್ಷದ ಲಗ್ನಪತ್ರಿಕೆ ಫೈಲ್ ಎಲ್ಲ ಅದರಲ್ಲೇ ಅದಾವ.
— ಧಾರವಾಡದ ಓದುಗರು

ಉತ್ತರ: ಗಾಬರಿ ಆಗಬೇಡಿ, ಫೈಲ್‌ಗಳು ಬಹುಶಃ ಹಾಗೇ ಇವೆ. ಎಷ್ಟೋ ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಮತ್ತು ಒಂದೆರಡು ಸಾಟಾ ಪೋರ್ಟ್ (ಹಾರ್ಡ್ ಡಿಸ್ಕ್ ಕೇಬಲ್ ಚುಚ್ಚುವ ಜಾಗ) ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಸ್ಲಾಟ್ ತುಂಬಿದರೆ ಆ ಪೋರ್ಟ್ ತಾನೇ ಬಂದ್ ಆಗುತ್ತದೆ. ಬೋರ್ಡ್ ಪುಸ್ತಕದಲ್ಲಿ ಇದು ಸಣ್ಣ ಟಿಪ್ಪಣಿಯಾಗಿ ಇರುತ್ತದೆ. ಆಫ್ ಮಾಡಿ, ಆ ಡಿಸ್ಕಿನ ಕೇಬಲ್ ಬೇರೆ ಸಾಟಾ ಪೋರ್ಟ್‌ಗೆ ಬದಲಿಸಿ ನೋಡಿ. ಪೋರ್ಟ್ ಖಾಲಿ ಇಲ್ಲದಿದ್ದರೆ ಎಸ್‌ಎಸ್‌ಡಿ ತೆಗೆದು ನೋಡಿ, ಡಿಸ್ಕ್ ವಾಪಸ್ ಬಂದರೆ ಕಾರಣ ಇದೇ. ಬಂದ ದಿನವೇ ಆ ಫೈಲ್‌ಗಳ ಇನ್ನೊಂದು ನಕಲು ಮಾಡಿ, ಅಂಗಡಿಯಲ್ಲಲ್ಲ, ಮನೆಯಲ್ಲಿಡಿ.

ಎಂ.2 ಕೊಳ್ಳುವ ಉಳಿದವರೂ ಗಮನಿಸಿ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅಷ್ಟೇ. ಒಳಗಿರುವುದು ವೇಗದ ಎನ್‌ವಿಎಂಇಯೋ ನಿಧಾನದ ಸಾಟಾನೋ ಅನ್ನುವುದು ಬೇರೆ ಮಾತು, ಎನ್‌ವಿಎಂಇ ಮಾತ್ರ ಓದುವ ಸ್ಲಾಟ್‌ಗೆ ಸಾಟಾ ಎಂ.2 ಹಾಕಿದರೆ ಕೂರುತ್ತದೆ ಆದರೆ ಕಾಣಿಸಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ತರಲಾ, ಆನ್‌ಲೈನ್‌ನಲ್ಲಿ ತರಿಸಲಾ? ಎಎಂ5 ಬೋರ್ಡ್, ರೈಜನ್ 5 9600ಎಕ್ಸ್ ಅಂತ ತೀರ್ಮಾನ ಮಾಡಿದ್ದೇನೆ. ಜೋಡಿಸುವುದು ನಾನೇ, ಮೊದಲ ಸಲ.
— ತುಮಕೂರಿನ ಓದುಗರು

ಉತ್ತರ: ತುಮಕೂರಿನಿಂದ ರೈಲಿಗೆ ಹೋಗಿ ಬರುವಷ್ಟೇ ದೂರ, ಎಸ್‌ಪಿ ರೋಡ್‌ಗೇ ಹೋಗಿ. ಹಿಂದಿನ ದಿನ ಆನ್‌ಲೈನ್ ಬೆಲೆ ಬರೆದುಕೊಂಡು ಹೋಗಿ, ಕಡಿಮೆ ಪಕ್ಷ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಂದೇ ಅಂಗಡಿಯಲ್ಲಿ ತಗೊಳ್ಳಿ. ಮೂರು ಕಡೆ ತಗೊಂಡು ಕೆಲಸ ಮಾಡದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ನೀವು ನಡುವೆ ಓಡಾಡಬೇಕು. ಬಿಲ್ ಇಲ್ಲದೆ ಕೊಡ್ತೀವಿ, 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂದರೆ ಬೇಡ ಅನ್ನಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ವಾರಂಟಿಗೆ ಅಲೆಯಬೇಕಾಗುತ್ತದೆ.

ಬೋರ್ಡ್ ಬಿ650 ಆದರೆ ಕೌಂಟರ್‌ನಲ್ಲೇ ಕೇಳಿ, 9000 ಸಾಲಿಗೆ ಬಯಾಸ್ ಅಪ್‌ಡೇಟ್ ಆಗಿದೆಯಾ ಅಂತ. ಆ ಪ್ರೊಸೆಸರ್‌ಗಳು 2024ರಲ್ಲಿ ಬಂದವು, ಹಳೆ ಸ್ಟಾಕ್ ಬೋರ್ಡ್‌ಗೆ ಅವು ಗೊತ್ತಿರಲ್ಲ. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಅಂಗಡಿ ಬಿಡುವ ಮೊದಲು ಬೋರ್ಡ್ ಡಬ್ಬ ತೆರೆಸಿ, ಸಾಕೆಟ್ ಮೇಲಿನ ಕಪ್ಪು ಮುಚ್ಚಳ ಎತ್ತಿಸಿ, ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. 1718 ಪಿನ್‌ಗಳೂ ಗದ್ದೆಯ ಸಾಲಿನ ಹಾಗೆ ನೇರವಾಗಿ ಕಾಣಬೇಕು. ಒಂದು ಫೋಟೋ ತೆಗೆದುಕೊಳ್ಳಿ. ಪಿನ್ ಬಾಗಿದ್ದು ಮನೆಗೆ ಬಂದ ಮೇಲೆ ಗೊತ್ತಾದರೆ ವಾರಂಟಿಯಲ್ಲಿ ಒಪ್ಪುವುದು ಕಷ್ಟ. 9600ಎಕ್ಸ್ ಡಬ್ಬದಲ್ಲಿ ಕೂಲರ್ ಬರಲ್ಲ, ಅದನ್ನೂ ಅವತ್ತೇ ತಗೊಳ್ಳಿ.

ಮನೆಯಲ್ಲಿ ಎಲ್ಲವನ್ನೂ ನೇರ ಕ್ಯಾಬಿನೆಟ್ ಒಳಗೆ ಕಟ್ಟಬೇಡಿ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೇ ಬೋರ್ಡ್ ಇಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಹಾಕಿ, ಎಸ್‌ಎಂಪಿಎಸ್‌ನ 24 ಪಿನ್ ಕೇಬಲ್ ಮತ್ತು ಪ್ರೊಸೆಸರ್‌ನ 8 ಪಿನ್ ಕೇಬಲ್ ಎರಡನ್ನೂ ಚುಚ್ಚಿ, ಮಾನಿಟರ್ ಅನ್ನು ಬೋರ್ಡ್‌ಗೇ ಜೋಡಿಸಿ. 9600ಎಕ್ಸ್ ಒಳಗೆ ಸಣ್ಣ ಗ್ರಾಫಿಕ್ಸ್ ಇದೆ, ಇಷ್ಟಕ್ಕೆ ಸಾಕು. ಕ್ಯಾಬಿನೆಟ್ ಇಲ್ಲದ ಕಾರಣ ಆನ್ ಬಟನ್ ಇರಲ್ಲ, ಬೋರ್ಡ್‌ನಲ್ಲಿ ಪವರ್ ಸ್ವಿಚ್ ಅಂತ ಗುರುತಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು.

ಆಮೇಲೆ ಪರದೆ ಕಪ್ಪಾಗಿಯೇ ಇರುತ್ತದೆ. ಆಗ ಸ್ವಿಚ್ ಆಫ್ ಮಾಡಬೇಡಿ. ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಸಮಯ ತಗೊಳ್ಳುತ್ತವೆ, ಕೆಲವು ಸಲ ಹಲವು ನಿಮಿಷ. ಬೋರ್ಡ್ ಅಂಚಿನಲ್ಲಿ ರ‍್ಯಾಮ್‌ಗೆ ಸೇರಿದ ಪುಟ್ಟ ದೀಪ ಉರಿಯುತ್ತಿದ್ದರೆ ಆ ಕೆಲಸ ನಡೆಯುತ್ತಿದೆ ಅಂತ. ಇದು ಗೊತ್ತಿಲ್ಲದೆ ಒಂದು ನಿಮಿಷಕ್ಕೇ ಆಫ್ ಮಾಡಿ, ಬಿಚ್ಚಿ, ಮತ್ತೆ ಹಾಕಿ, ರಾತ್ರಿಯೆಲ್ಲ ಒದ್ದಾಡಿದವರ ಪತ್ರಗಳೇ ನನ್ನ ಹತ್ತಿರ ನಾಲ್ಕಿವೆ. ಹದಿನೈದು ನಿಮಿಷ ಬಿಡಿ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಅಷ್ಟಾದರೂ ಏನೂ ಬರದಿದ್ದರೆ ರ‍್ಯಾಮ್ ಅನ್ನು ಇನ್ನೊಂದು ಸ್ಲಾಟ್‌ಗೆ ಬದಲಿಸಿ ನೋಡಿ, ಆಗಲೂ ಆಗದಿದ್ದರೆ ಯಾವ ದೀಪ ಉರಿಯುತ್ತಿತ್ತು, ಬೋರ್ಡ್‌ನ ಪೂರ್ತಿ ಹೆಸರೇನು ಅಂತ ನನಗೆ ಬರೆಯಿರಿ.